ಐದು ವರ್ಷಕ್ಕೊಂದು ದಿನದ ಕುರುಡು

ಹೋದ ತಿಂಗಳು ಕಾಲೇಜು ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. ನಮ್ಮ ಸುತ್ತಿನ ವಿಧಾನಸಭಾ ಕ್ಷೇತ್ರಗಳ ಚುನಾವಣೆಯ ಚರಿತ್ರೆ ಬರೆಯುತ್ತಿದ್ದಾರಂತೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಮುಗಿದಿವೆಯಂತೆ, ನಮ್ಮ ಪಿರಿಯಾಪಟ್ಟಣ ಒಂದು ಬಾಕಿ. ಕೈಯಲ್ಲಿ ದೊಡ್ಡ ಪಟ್ಟಿ ಇತ್ತು. ಯಾವ ಸಲ ಯಾರು ಗೆದ್ದರು, ಯಾರನ್ನು ಸೋಲಿಸಿದರು, ಎಷ್ಟು ಓಟಿನ ಅಂತರ, ಆಮೇಲೆ ಯಾರು ಯಾವ ಪಕ್ಷಕ್ಕೆ ಹಾರಿದರು, ಎಲ್ಲ ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದಿದ್ದರು. "ನೀವು ಎಷ್ಟೋ ಚುನಾವಣೆಗೆ ಡ್ಯೂಟಿ ಮಾಡಿದವರು ಮೇಡಂ, ಏನಾದರೂ ಸ್ವಾರಸ್ಯ ಇದ್ದರೆ ಹೇಳಿ, ಸೇರಿಸ್ತೀನಿ" ಅಂದರು. ಸ್ವಾರಸ್ಯ! ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಅವರ ತಪ್ಪೇನೂ ಇರಲಿಲ್ಲ. ಕಾಫಿ ಕೊಟ್ಟೆ, ಕಳಿಸಿದೆ. ಆದರೆ ಆ ಪಟ್ಟಿಯ ಒಂದು ಸಾಲಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿತ್ತು. ನನಗೆ ಹನ್ನೊಂದು ವರ್ಷ ಆಗಿದ್ದಾಗಿನ ಚುನಾವಣೆ ಅದು. ಅಲ್ಲಿ ಬರೆದ ಅಂತರದೊಳಗೆ ನಮ್ಮವ್ವನ ಹೆಸರಿನ ಒಂದು ಓಟು ಸೇರಿದೆ. ಅದು ನಮ್ಮವ್ವ ಹಾಕಿದ ಓಟಲ್ಲ. ಅದನ್ನು ಅವಳಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬಳು. ಮೇಷ್ಟ್ರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಕಂಪಲಾಪುರದಿಂದ ಒಂದು ಮೈಲಿ ಒಳಗೆ ನಮ್ಮ ಮನೆ. ನಾಡಹೆಂಚಿನದು. ಹೊರಗೋಡೆಯ ಮೇಲೆ ಆಳೆತ್ತರದ ಕೊಡೆ ಬರೆದಿತ್ತು. ಕೊಡೆ ಅಂದರೆ ಅಪ್ಪನ ಪಕ್ಷದ ಗುರುತು. ಯುಗಾದಿಗೆ ಸುಣ್ಣ ಹೊಡೆದರೂ ಮೂರು ತಿಂಗಳಿಗೆ ಮತ್ತೆ ಆ ಕೊಡೆ ಸುಣ್ಣದೊಳಗಿನಿಂದ ಇಣುಕುತ್ತಿತ್ತು. ಒಳಗೆ ಬಂದರೆ ಉದ್ದದ ಪಡಸಾಲೆ, ಆಮೇಲೆ ದೇವರ ಗೂಡಿರುವ ನಡುಮನೆ, ಹಿಂದೆ ಅಡುಗೆಮನೆ. ಪಡಸಾಲೆ ಹೆಸರಿಗೆ ಮಾತ್ರ ಮನುಷ್ಯರದು. ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿದ ಹೊಗೆಸೊಪ್ಪು ಬಂದು ಬಿದ್ದಿತೆಂದರೆ ನಾಲ್ಕು ತಿಂಗಳು ನಾವೆಲ್ಲ ಗೋಡೆಗೆ ಅಂಟಿಕೊಂಡು ಓಡಾಡಬೇಕಿತ್ತು. ಆ ವಾಸನೆ ನಮ್ಮ ಬಟ್ಟೆಯಲ್ಲಿ, ತಲೆಗೂದಲಲ್ಲಿ, ಉಣ್ಣುವ ಮುದ್ದೆಯಲ್ಲಿ. ಛಾವಣಿಯಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಬೀಳುವ ಬೆಳಕಿನ ಚೌಕದಲ್ಲಿ ಅವ್ವ ಚಕ್ಕಂಬಕ್ಕಲ ಹಾಕಿ ಕೂರುತ್ತಿದ್ದಳು. ಬಿಸಿಲು ಸರಿದಂತೆ ಅವಳೂ ಸರಿಯುತ್ತಿದ್ದಳು.

ಅವ್ವನ ಹೆಸರು ಪುಟ್ಟತಾಯಮ್ಮ. ತವರು ಮಿರ್ಲೆ, ಭತ್ತದ ಸೀಮೆ. ಮದುವೆಯಾಗಿ ಬಂದಾಗ ಹೊಗೆಸೊಪ್ಪಿನ ಗಿಡವನ್ನೇ ನೋಡಿದವಳಲ್ಲ. ಒಂದೇ ವರ್ಷದಲ್ಲಿ ಸೊಪ್ಪು ಬೇರೆ ಮಾಡುವುದರಲ್ಲಿ ಸುತ್ತಿನ ಏಳು ಹಳ್ಳಿಗೆ ಅವಳನ್ನು ಮೀರಿಸುವವರಿಲ್ಲ ಎನ್ನುವಂತಾದಳು. ಗೊತ್ತಿಲ್ಲದವರಿಗೆ ಎಲ್ಲ ಎಲೆಯೂ ಹಳದಿ. ಅವಳಿಗೆ ನಿಂಬೆ ಹಳದಿ ಬೇರೆ, ಕಿತ್ತಳೆ ಬೇರೆ, ಕಂದು ಬೇರೆ, ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಉಳಿದದ್ದು ಬೇರೆ. ಎಲೆಯನ್ನು ತೊಡೆಯ ಮೇಲೆ ಒಮ್ಮೆ ಸವರಿ, ಒಮ್ಮೆ ನೋಡಿ, ಎಸೆಯುತ್ತಿದ್ದಳು. ಅದು ಅದರ ಗುಡ್ಡೆಗೇ ಹೋಗಿ ಬೀಳುತ್ತಿತ್ತು. ಹುಣಸೂರಿನಿಂದ ಬೇಲು, ಅಂದರೆ ಸೊಪ್ಪಿನ ಮೂಟೆ, ಕಟ್ಟಲು ಬರುತ್ತಿದ್ದ ಗಫಾರ್ ಸಾಬರು ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಿದ್ದರು.

"ಯಜಮಾನ್ರೇ, ಈ ತಾಯಿ ಕಣ್ಣಿಗೆ ದೃಷ್ಟಿ ತೆಗೀರಿ. ಕಂಪ್ನಿಯೋರು ಕನ್ನಡಕ ಆಕ್ಕೊಂಡು ನೋಡಿದ್ರೂ ಇಂಗೆ ಸಿಕ್ಕಾಕಿಲ್ಲ ಕಣ್ರೀ."

ಅಪ್ಪ ಮೀಸೆ ತಿರುವಿಕೊಳ್ಳುತ್ತಿದ್ದ. ಹೊಗಳಿಕೆ ಅವಳಿಗೆ, ಮೀಸೆ ಇವನದು. ಇಂಥ ಕಣ್ಣಿನ ಹೆಂಗಸನ್ನು ಐದು ವರ್ಷಕ್ಕೊಂದು ದಿನ ಕುರುಡಿ ಮಾಡುತ್ತಿದ್ದರು ನಮ್ಮ ಮನೆಯಲ್ಲಿ.

ಇದು ಶುರುವಾದದ್ದು ಅಜ್ಜಿಯಿಂದ. ಅಪ್ಪನ ತಾಯಿಗೆ ನಿಜವಾಗಿ ಪೊರೆ ಬಂದು ಕಣ್ಣು ಹೋಗಿತ್ತು. ಕುರುಡರ ಓಟನ್ನು ಜೊತೆಗೆ ಬಂದವರು ಹಾಕಬಹುದು ಎಂಬ ಕಾನೂನು ಇದೆಯಲ್ಲ, ಹಾಗೆ ಅಪ್ಪ ಅಜ್ಜಿಯ ಓಟನ್ನು ತಾನೇ ಒತ್ತಿ ಬಂದ. ಒತ್ತಿ ಬಂದವನಿಗೆ ರುಚಿ ಹತ್ತಿತು. ಗಂಡಸರಿಗೆ ತಮ್ಮ ಮನೆಯ ಹೆಂಗಸರ ಮೇಲೆ ಎಲ್ಲ ಅಧಿಕಾರವೂ ಇತ್ತು, ಆ ಪರದೆಯ ಹಿಂದಿನ ಅರ್ಧ ನಿಮಿಷ ಒಂದು ಮಾತ್ರ ಕೈತಪ್ಪುತ್ತಿತ್ತು. ಅದಕ್ಕೂ ದಾರಿ ಸಿಕ್ಕಿಬಿಟ್ಟಿತು. ಅಜ್ಜಿ ತೀರಿಕೊಂಡಳು. ಅವಳ ಹಿತ್ತಾಳೆ ಚೊಂಬು ದೊಡ್ಡತ್ತೆಗೆ ಹೋಯಿತು, ಕುರುಡು ಅವ್ವನ ಪಾಲಿಗೆ ಬಂತು. ನಮ್ಮ ಮನೆ ಒಂದೇ ಅಲ್ಲ. ಕೊಡೆಯವರ ಮನೆಗಳಲ್ಲೂ ಕುರುಡಿಯರಿದ್ದರು, ಎದುರು ಪಕ್ಷದ ತಕ್ಕಡಿಯವರ ಮನೆಗಳಲ್ಲೂ ಇದ್ದರು. ಬೂತಿನಲ್ಲಿ ಕೂತ ಎರಡೂ ಪಕ್ಷದ ಏಜೆಂಟರು ನಮ್ಮೂರವರೇ, ಯಾರ ಮನೆಯ ಹೆಂಗಸು ಎಷ್ಟು ದೂರದಿಂದ ಎಮ್ಮೆ ಗುರುತು ಹಿಡಿಯುತ್ತಾಳೆ ಎಂದು ಬಲ್ಲವರೇ. ನಿಮ್ಮ ಕುರುಡಿಗೆ ನಾವು ತಕರಾರು ಮಾಡಲ್ಲ, ನಮ್ಮ ಕುರುಡಿಗೆ ನೀವು ಮಾಡಬೇಡಿ. ಊರು ಹೊತ್ತಿ ಉರಿಯುವಷ್ಟು ಜಗಳವಾಡುತ್ತಿದ್ದ ಎರಡು ಪಕ್ಷಗಳು ಇದೊಂದರಲ್ಲಿ ಅಣ್ಣತಮ್ಮಂದಿರ ಹಾಗಿದ್ದವು. ಥೂ!

ಆ ವರ್ಷ ಅಪ್ಪನಿಗೆ ಇನ್ನೊಂದು ಭಯವೂ ಇತ್ತು. ಕೊಡೆಯ ಅಭ್ಯರ್ಥಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾಟಿ ಕೋಳಿ ಸಾರು, ಮುದ್ದೆ, ಅನ್ನ. ಆಳುಗಳೂ ಸೇರಿ ಹದಿನಾಲ್ಕು ಎಲೆ. ಅವ್ವ ಬೆಳಗಿನಿಂದ ಒಲೆ ಮುಂದೆ ಬೆಂದಿದ್ದಳು. ಉಂಡು ಕೈತೊಳೆದ ಮೇಲೆ ಅಭ್ಯರ್ಥಿ ಅಡುಗೆಮನೆಯ ಬಾಗಿಲ ಕಡೆ ತಿರುಗಿ ಹೊಗಳಿದರು.

"ಸಾರು ಅಂದ್ರೆ ಇದು ಕಣ್ರವ್ವ. ಯಾವ ನೀರಲ್ಲಿ ಮಾಡಿದ್ರಿ?"

ಸುಮ್ಮನೆ ಒಂದು ಮಾತಿಗೆ ಕೇಳಿದ್ದು. ಬಾಗಿಲ ಹಿಂದಿನಿಂದ ಅವ್ವ ಉತ್ತರ ಕೊಟ್ಟಳು.

"ಕೆರೆ ನೀರು ಸ್ವಾಮಿ. ಒಂದು ಮೈಲಿಯಿಂದ ಒತ್ತು ತಂದಿದ್ದು. ಇದೇ ಪಡಸಾಲೇಲಿ ಕೂತು ಊರಿಗೊಂದು ಬಾವಿ ತೋಡಿಸ್ತೀನಿ ಅಂತ ಎಲ್ಡು ಸಲ ಏಳಿದ್ರಿ. ಇದು ಮೂರ್ನೇ ಊಟ."

ಅಪ್ಪನ ಮುಖ ಕಪ್ಪಿಟ್ಟಿತು. ಹಾಳಾದದ್ದನ್ನು ಸರಿಮಾಡಲು ಎದ್ದವನೇ ನಡುಮನೆಗೆ ನುಗ್ಗಿ, ದೇವರ ಗೂಡಿನ ಮುಂದೆ ಕರ್ಪೂರ ಹಚ್ಚಿ, ಅದರ ಮೇಲೆ ಅಂಗೈ ಹಿಡಿದ.

"ಮಾದಪ್ಪನ ಆಣೆಗೂ ಏಳ್ತೀನಿ ಬುದ್ಧಿ, ಈ ಮನೆ ಓಟು ಅಷ್ಟೂ ನಿಮ್ಗೆ. ಒಂದು ಆಚೆಗೆ ಬಿದ್ರೂ ನನ್ ವಂಶ ಉದ್ಧಾರ ಆಗದು ಬ್ಯಾಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಆಣೆಗೆ ಅವ್ವನ ಬೆರಳು ಒತ್ತೆ. ಅವರೆಲ್ಲ ಹೋದ ಮೇಲೆ ಜಗಳ ಹತ್ತಿತು. ನಿಮ್ಮಣ್ಣ ಮಿರ್ಲೆಯಲ್ಲಿ ತಕ್ಕಡಿ ಬಾವುಟ ಹೊತ್ತು ತಿರುಗುತ್ತಾನೆ, ತವರಿನ ಬುದ್ಧಿ ಎಲ್ಲಿ ಹೋಗುತ್ತೆ ಎಂದು ಅಪ್ಪ ಕೂಗಾಡಿದ. ಅವ್ವ ಎಂಜಲೆಲೆ ಬಳಿಯುತ್ತಾ ಹೇಳಿದಳು:

"ನಮ್ಮಣ್ಣಂಗೂ ಇದ್ಕೂ ಏನ್ ಸಂಬಂಧ? ಕೊಡ ಒತ್ತು ನನ್ನ ತಲೆ ಸವ್ದದೆ, ನಿಮ್ದಲ್ಲ. ಈ ಸಲ ನನ್ ಓಟು ನಾನೇ ಒತ್ತೋದು."

ಮಾರನೆಯ ದಿನ ಅಪ್ಪ ನನ್ನನ್ನು ಹತ್ತಿರ ಕರೆದ. ನನ್ನನ್ನು ಅವನು ಹತ್ತಿರ ಕರೆಯುತ್ತಿದ್ದುದೇ ಅಪರೂಪ. ಮಗ ಮಾದೇವ ಅಂದರೆ ಪ್ರಾಣ, ನಾನು ಅಂದರೆ ಎಮ್ಮೆ ಬಿಡಲು ಬೇಕಾದವಳು. ಅವತ್ತು ತಲೆ ಸವರಿದ.

"ರತ್ನಿ, ನೀನು ಜಾಣೆ ಕಣವ್ವ. ಸ್ಕೂಲಿಗೆ ಓಗೋಳು. ಅವ್ವನ ಕೈ ಇಡ್ಕೊಂಡು ನೀನು ಮುಂದೆ ನಡೀಬೇಕು. ಆಫೀಸರು ಕೇಳಿದ್ರೆ ಏನಂತೀಯ? ಏಳು ನೋಡನ."

"ನಮ್ಮವ್ವಂಗೆ ಕಣ್ಣು ಕಾಣಕಿಲ್ಲ ಸಾರ್."

"ಶಬ್ಬಾಸ್!"

ಆ ಒಂದು ಶಬ್ಬಾಸಿಗೆ ನಾನು ಸತ್ತುಹೋದೆ. ಇವತ್ತು ಬರೆಯುವಾಗಲೂ ಆ ಹುಡುಗಿಯ ಕೆನ್ನೆಗೆ ಎರಡು ಬಿಡಬೇಕು ಅನ್ನಿಸುತ್ತದೆ. ಹೊಗೆಸೊಪ್ಪಿನ ಗುಡ್ಡೆಗಳ ನಡುವೆ ಅವ್ವನನ್ನು ನಿಲ್ಲಿಸಿ ತಾಲೀಮು ಮಾಡಿಸಿದೆವು. ಅವ್ವ ತುಟಿ ಬಿಗಿದುಕೊಂಡು ನಡೆದಳು, ಬೇಡ ಅನ್ನಲಿಲ್ಲ. ಆಗಲೇ ಮನಸ್ಸಿನಲ್ಲಿ ಏನೋ ನಿರ್ಧಾರ ಮಾಡಿದ್ದಳು ಎಂದು ನನಗೆ ಹೇಗೆ ತಿಳಿಯಬೇಕು? ನಾನು ಅಪ್ಪನಿಗಿಂತ ಒಂದು ಕೈ ಮುಂದೆ ಹೋಗಿದ್ದೆ. "ಅಂಗಲ್ಲ ಕಣವ್ವ, ಹೊಸ್ಲು ಬಂದಾಗ ಕಾಲಲ್ಲಿ ತಡವು. ಕಣ್ಣು ಮೇಲಕ್ಕೆ ಮಾಡು, ಅಜ್ಜಿ ಮಾಡೋಳಲ್ಲ, ಅಂಗೆ" ಎಂದು ಕಲಿಸಿದೆ. ಅವಳ ಕಣ್ಣಿನ ಮುಂದೆ ಕೈಯಾಡಿಸಿ, ರೆಪ್ಪೆ ಬಡಿದಾಗ ಬೈದೆ. ಮನೆಯಲ್ಲಿ ಅವ್ವನನ್ನು ಬೈಯುವ ಅಧಿಕಾರ ಸಿಕ್ಕಿದ್ದು ಅದೇ ಮೊದಲು, ಅದು ನನಗೆ ಖುಷಿಯಾಗಿತ್ತು.

ಓಟಿನ ದಿನ ಜೀಪು ಬಂತು. ಅವ್ವ ಮದುವೆಯ ಸೀರೆ ಉಟ್ಟಿದ್ದಳು. ಬೂತು ನಮ್ಮ ಶಾಲೆಯಲ್ಲೇ. ನಾನು ಎರಡನೇ ಕ್ಲಾಸು ಓದಿದ ಕೋಣೆ, ಹಲಗೆಯ ಮೇಲೆ ಇನ್ನೂ ಮಗ್ಗಿ ಇತ್ತು. ಅಪ್ಪ ಮುಂದೆ ಹೋಗಿ ಹೆಂಡತಿಗೆ ದೃಷ್ಟಿ ಇಲ್ಲ, ಓಟು ತಾನು ಒತ್ತುತ್ತೇನೆ ಎಂದ. ಏಜೆಂಟರಿಬ್ಬರೂ ಪಟ್ಟಿಯೊಳಗೆ ಮುಖ ಹುದುಗಿಸಿದರು. ಮೈಸೂರಿನಿಂದ ಬಂದಿದ್ದ ಅಧಿಕಾರಿ ಕಾಗದ ಎಳೆದುಕೊಂಡರು. ಅಷ್ಟರಲ್ಲಿ ಅವ್ವ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಕಣ್ಣು ಅಗಲಿಸಿ, ಅಧಿಕಾರಿಯನ್ನು ನೇರವಾಗಿ ನೋಡಿದಳು.

"ನಂಗೆ ಕಣ್ಣು ಕಾಣ್ತದೆ ಸ್ವಾಮಿ. ನನ್ ಓಟು ನಾನೇ ಒತ್ತೀನಿ."

ಅಪ್ಪ ನಕ್ಕುಬಿಟ್ಟ. "ನಾಚ್ಕೆ ಸಾರ್. ಕುರುಡಿ ಅಂದ್ರೆ ಅವ್ಳಿಗೆ ಅವಮಾನ. ಅಂಗೇ ಆಡ್ತಳೆ" ಎಂದ. ಅಧಿಕಾರಿ ಒಳ್ಳೆಯವರೇ ಇರಬೇಕು, ಗೊಂದಲಕ್ಕೆ ಬಿದ್ದರು. ಒಂದು ಬೆರಳು ತೋರಿಸಿ ಇದೆಷ್ಟು ಎಂದು ಅವಳನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಗಂಡನ ಮಾತು, ಹೆಂಡತಿಯ ಮಾತು, ಎರಡನ್ನೂ ಬಿಟ್ಟು ನನ್ನ ಕಡೆ ಬಗ್ಗಿದರು.

"ಮಗು, ಮಕ್ಕಳು ಸುಳ್ಳು ಹೇಳೋದಿಲ್ಲ. ನೀನು ಹೇಳು. ನಿಮ್ಮಮ್ಮನಿಗೆ ಕಣ್ಣು ಕಾಣುತ್ತಾ?"

ಅಪ್ಪನ ಅಂಗೈ ನನ್ನ ನೆತ್ತಿಯ ಮೇಲಿತ್ತು. ಬೆಚ್ಚಗಿತ್ತು.

"ಇಲ್ಲ ಸಾರ್. ನಮ್ಮವ್ವಂಗೆ ಕಣ್ಣು ಕಾಣಕಿಲ್ಲ. ದಿನಾ ನಾನೇ ಕೈ ಇಡ್ಕೊಂಡು ಓಗೋದು."

ಕೊನೆಯ ಮಾತನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಅದು ನನ್ನ ಸ್ವಂತದ್ದು. ಅವ್ವ ತಿರುಗಿ ನನ್ನನ್ನು ನೋಡಿದಳು. ಕಾಣುವುದಿಲ್ಲ ಎಂದು ಈಗಷ್ಟೇ ನಾನು ಸಾಕ್ಷಿ ಹೇಳಿದ ಕಣ್ಣುಗಳಿಂದ, ಒಂದು ಎಲೆಯನ್ನು ನೋಡಿದ ಹಾಗೆ ನೋಡಿ, ನಾನು ಯಾವ ಗುಡ್ಡೆಯವಳು ಎಂದು ಗೊತ್ತುಮಾಡಿಕೊಂಡಳು. ಅಪ್ಪ ಪರದೆಯ ಹಿಂದೆ ಹೋಗಿ ಅವಳ ಓಟು ಒತ್ತಿ ಬಂದ. ನಾನು ಕೈ ಚಾಚಿದೆ. ಅವ್ವ ಹಿಡಿಯಲಿಲ್ಲ. ಗೋಡೆ ತಡವಿಕೊಂಡು ತಾನೇ ಹೊರಗೆ ಬಂದಳು.

ಮಾರನೆಯ ಬೆಳಿಗ್ಗೆ ಒಲೆ ಹತ್ತಲಿಲ್ಲ. ಅವ್ವ ಅಡುಗೆಮನೆಯ ಮೂಲೆಯಲ್ಲಿ ಕೂತು, "ಒಲೆ ಎಲ್ಲೈತೆ? ನಂಗೆ ಕಾಣಕಿಲ್ವಲ್ಲ" ಎಂದಳು. ಅಪ್ಪ ಮೊದಲು ನಕ್ಕ. ಮಧ್ಯಾಹ್ನ ನಾನು ಬೇಯಿಸಿಟ್ಟ ಅನ್ನದಲ್ಲಿ ಕಲ್ಲು ಸಿಕ್ಕಿ ತಟ್ಟೆ ಎಸೆದ. ಸಂಜೆ ಕೂಗಾಡಿದ. ಅವ್ವ ಕಣ್ಣು ಮೇಲಕ್ಕೆ ಮಾಡಿಕೊಂಡು, ನಾನು ಕಲಿಸಿದ ಹಾಗೆಯೇ ಕೂತಿದ್ದಳು. ಹೊಸಿಲು ಬಂದರೆ ಕಾಲಲ್ಲಿ ತಡವಿದಳು. ಹೂವು ಕಟ್ಟಲಿಲ್ಲ, ಅಕ್ಕಿ ಆರಿಸಲಿಲ್ಲ, ಪಡಸಾಲೆಯ ಗಾಜಿನ ಹೆಂಚಿನ ಕೆಳಗೆ ಕೂರಲಿಲ್ಲ. ವರ್ಷದ ಬೆಳೆಯೆಲ್ಲ ಅಲ್ಲಿ ಗುಡ್ಡೆ ಬಿದ್ದಿತ್ತು. ವಾರ ಕಳೆಯುವುದರೊಳಗೆ ಸೊಪ್ಪು ಬೇರೆಯಾಗಿ ಬೇಲು ಕಟ್ಟಿ ಕಂಪನಿಯ ಡಿಪೋಗೆ ಹೋಗಬೇಕಿತ್ತು. ಅಪ್ಪ ಕೂಲಿ ಹೆಂಗಸರನ್ನು ಕರೆಸಿದ. ಪಾಪ, ಅವರು ನಿಂಬೆ ಹಳದಿಯನ್ನೂ ಕಂದನ್ನೂ ಕಲೆಸಿ ಒಟ್ಟಿದರು. ಬೇಲು ಕಟ್ಟಲು ಬಂದ ಗಫಾರ್ ಸಾಬರು ಎರಡು ಎಲೆ ಎತ್ತಿ ನೋಡಿ, ಕೆಳಗಿಟ್ಟರು.

"ಏನ್ ಯಜಮಾನ್ರೇ ಇದು? ತಾಯಿ ಎಲ್ಲಿ?"

"ಉಸಾರಿಲ್ಲ" ಎಂದ ಅಪ್ಪ.

ಒಳಗಿನಿಂದ ಅವ್ವನ ದನಿ ಬಂತು. "ಉಸಾರಾಗೇ ಇವ್ನಿ ಸಾಬ್ರೇ. ಕಣ್ಣು ಮಾತ್ರ ಕಾಣಕಿಲ್ಲ. ಸರ್ಕಾರದ ಕಾಗದ್ದಲ್ಲೇ ಬರ್ಸವ್ರೆ."

ಸಾಬರಿಗೆ ಎಲ್ಲ ಅರ್ಥವಾಯಿತು. ಸುತ್ತಲ ಎಷ್ಟು ಪಡಸಾಲೆ ನೋಡಿದವರು ಅವರು! ದನಿ ತಗ್ಗಿಸಿ ಹೇಳಿದರು: "ಯಜಮಾನ್ರೇ, ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬುಡಿ. ಮನೆಯೋರ ಮುಂದೆ ಸೋತ್ರೆ ಸೋಲಲ್ಲ."

ಅಪ್ಪ ಅನ್ನಲಿಲ್ಲ. ನನ್ನನ್ನು ಕಳಿಸಿದ. ನಾನು ಅಡುಗೆಮನೆಗೆ ಹೋಗಿ ಅವ್ವನ ಮಂಡಿ ಹಿಡಿದು ಅತ್ತೆ. ಏಳವ್ವ, ಸೊಪ್ಪೆಲ್ಲ ಹಾಳಾಗ್ತದೆ, ನಿಂಗೆ ಕಾಣ್ತದೆ ಕಣವ್ವ ಎಂದೆ. ಅವಳು ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಾ ಹೇಳಿದಳು:

"ಸರ್ಕಾರದೋರ ಮುಂದೆ ನೀನೇ ಏಳಿದ್ದೀಯಲ್ಲ ಮಗಳೇ. ನಿನ್ ಮಾತು ಸುಳ್ಳು ಮಾಡ್ಲಾ?"

ಕಲೆಸಿದ ಸೊಪ್ಪನ್ನೇ ಬೇಲು ಕಟ್ಟಿದರು. ಡಿಪೋದಲ್ಲಿ ಅದು ಕೊನೆಯ ದರ್ಜೆಗೆ ಬಿತ್ತು. ತಪ್ಪಾಯ್ತು ಎಂಬ ಒಂದು ಮಾತು ಆಡುವುದಕ್ಕಿಂತ ವರ್ಷದ ಬೆಳೆ ಕಳೆದುಕೊಳ್ಳುವುದೇ ಮೇಲು ಅನ್ನಿಸಿತು ಆ ಗಂಡಸಿಗೆ. ಬೇಲು ಹೊತ್ತ ಲಾರಿ ಹೋದ ಮಾರನೆಯ ದಿನ ಅವ್ವ ಎದ್ದಳು, ಪಡಸಾಲೆ ಗುಡಿಸಿದಳು, ಮೊರ ಹಿಡಿದು ಅಕ್ಕಿ ಆರಿಸಲು ಕೂತಳು. ಯಾರೂ ಆ ಮಾತು ಎತ್ತಲಿಲ್ಲ. ಅವ್ವ ನನ್ನ ಜೊತೆ ಮಾತು ಬಿಡಲಿಲ್ಲ, ಜಡೆ ಹಾಕಿದಳು, ಉಣಬಡಿಸಿದಳು, ಅಪ್ಪನ ಕಾಲು ಹಿಡಿದಾದರೂ ನನ್ನನ್ನು ಓದಿಸಿದಳು. ಕೈ ಮಾತ್ರ ಕೊಡಲಿಲ್ಲ. ಸಂತೆಯಲ್ಲಿ, ಬಸ್ಸು ಹತ್ತುವಾಗ, ಅಪ್ಪ ಸತ್ತ ದಿನ ಕೂಡ.

ಇನ್ನು ಆ ಅಭ್ಯರ್ಥಿಯ ಕಥೆ. ಅವರು ಗೆದ್ದರು. ಬಾವಿ ಬರಲಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಅವರು ಕೊಡೆ ಬಿಟ್ಟು ತಕ್ಕಡಿಗೆ ಹಾರಿದ್ದರು. ಅವ್ವ ಒತ್ತಿಯಾಳು ಎಂದು ಅಪ್ಪ ಅಷ್ಟು ಹೆದರಿದ್ದ ಅದೇ ತಕ್ಕಡಿಗೆ! ಈಗ ಅಪ್ಪನೇ ಏಣಿ ಹಾಕಿಸಿ ಹೊರಗೋಡೆಯ ಮೇಲೆ ತಕ್ಕಡಿ ಬರೆಸಿದ. ಅವ್ವ ಬಾಗಿಲಲ್ಲಿ ನಿಂತು, "ಮಾದಪ್ಪನ ಆಣೆ ಕೊಡೆಗಿತ್ತೋ, ಕೊಡೆ ಇಡ್ದೋನಿಗಿತ್ತೋ?" ಎಂದು ಕೇಳಿದಳು. ಮೇಷ್ಟ್ರ ಪಟ್ಟಿಯಲ್ಲಿ ಇದು "ಪಕ್ಷಾಂತರ" ಎಂಬ ಒಂದೇ ಪದ. ಅವ್ವ ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆದರೂ ಪ್ರತಿ ಸಲ ಅವಳ ಹೆಸರಿನ ಮುಂದೆ ಗೀಟು ಬೀಳುತ್ತಲೇ ಇತ್ತು. ಯಾವ ಪುಣ್ಯಾತ್ಮರು ಹಾಕಿಕೊಂಡರೋ.

ನಾನು ಟೀಚರಾದ ಮೇಲೆ ಅದೇ ಮೇಜಿನ ಈಚೆ ಕಡೆ ಕೂತೆ. ಒಮ್ಮೆ ಎಚ್.ಡಿ. ಕೋಟೆಯ ಕಡೆ ಡ್ಯೂಟಿ. ಗಂಡಸೊಬ್ಬ ಹೆಂಡತಿಯನ್ನು ಹಿಡಿದು ತಂದು, ಕಣ್ಣಿಲ್ಲ ಮೇಡಂ ಎಂದ. ಅವನನ್ನು ದೂರ ನಿಲ್ಲಿಸಿ ಅವಳ ಮುಂದೆ ಮೂರು ಬೆರಳು ಹಿಡಿದೆ. ಎಷ್ಟು ತಾಯಿ ಎಂದೆ. ಅವಳು ಬೆರಳು ನೋಡಿದಳು, ದೂರದಲ್ಲಿ ನಿಂತ ಗಂಡನನ್ನು ನೋಡಿದಳು, "ಕಾಣಕಿಲ್ಲ ಕಣವ್ವ" ಎಂದಳು. ಅವಳು ಸಂಜೆಗೆ ಅದೇ ಮನೆಗೆ ಹೋಗಬೇಕಲ್ಲ. ಅವತ್ತು ನನ್ನ ಅವ್ವನ ಎದೆ ಎಷ್ಟು ಗಟ್ಟಿ ಎಂದು ತಿಳಿಯಿತು.

ಈಗ ಅವ್ವನಿಗೆ ಎಂಬತ್ತು ದಾಟಿದೆ. ಕಣ್ಣಿನ ನರ ಒಣಗಿ ದೃಷ್ಟಿ ನಿಜವಾಗಿಯೂ ಹೋಗಿದೆ. ಬೆಳಕು ಯಾವ ಕಡೆ ಎಂದಷ್ಟೇ ತಿಳಿಯುತ್ತದೆ. ಮನೆಯೊಳಗೆ ಗೋಡೆ ತಡವಿಕೊಂಡು ಓಡಾಡುತ್ತಾಳೆ. ಕಳೆದ ವಿಧಾನಸಭೆಯ ಚುನಾವಣೆಗೆ ವಯಸ್ಸಾದವರ ಓಟನ್ನು ಮನೆಗೇ ಬಂದು ತೆಗೆದುಕೊಳ್ಳುತ್ತಾರೆಂದು ತಮ್ಮ ಮಾದೇವ ಅರ್ಜಿ ಹಾಕಿದ್ದ. ನಾನು ಊರಿಗೆ ಹೋದ ದಿನವೇ ಅವನು ಸಡಗರದಲ್ಲಿದ್ದ.

"ಅವ್ವಂಗೆ ಹೆಂಗೂ ಕಾಣಕಿಲ್ಲ ಕಣಕ್ಕ. ನಾನೇ ಆಕ್ಬುಡ್ತೀನಿ. ನಮ್ಮ ಕ್ಯಾಂಡಿಡೇಟಿಗೆ ಮಾತು ಕೊಟ್ಟಿವ್ನಿ."

ಅದೇ ಪಡಸಾಲೆ, ಅದೇ ಮಾತು, ಅದೇ ಅಪ್ಪನ ಮೂಗು. ನನಗೆ ಅವನ ಬಾಯಿಗೆ ಹೊಡೆಯಬೇಕೆನ್ನಿಸಿತು. ಅವನು ಹೊಲಕ್ಕೆ ಹೋದ ಮೇಲೆ ಅವ್ವ ನನ್ನನ್ನು ಕರೆದಳು.

"ರತ್ನಿ, ಆ ಓಟಿನ ಕಾಗದ್ದಲ್ಲಿ ಯಾರ್ಯಾರ ಹೆಸ್ರು ಯಾವ್ ಸಾಲಲ್ಲಿ ಅದೆ, ಮೇಲಿಂದ ಕೆಳಕ್ಕೆ ಏಳು."

ಹೇಳಿದೆ. ಮನಸ್ಸಿನಲ್ಲೇ ಎಣಿಸಿಕೊಂಡಳು.

"ಅವತ್ತು ಕುರುಡಿ ಆಗಾದು ಕಲ್ಸಿದ್ದೆ. ಈಗ ಕಾಣೋಳು ಆಗಾದು ಕಲ್ಸು."

ಐವತ್ತು ವರ್ಷದಲ್ಲಿ ಅವಳು ಆ ದಿನದ ಮಾತೆತ್ತಿದ್ದು ಅದೇ ಮೊದಲು. ಓಟಿನ ಕಾಗದದ ಅಳತೆಗೆ ಒಂದು ಹಾಳೆ ಕತ್ತರಿಸಿ ಸಾಲುಗಳನ್ನು ಒತ್ತಿ ಮಡಿಸಿದೆ. ಗಾಜಿನ ಹೆಂಚಿನ ಕೆಳಗೆ ಕೂತು ಮೂರು ದಿನ ತಾಲೀಮು. ಮೇಲಿನ ಅಂಚಿನಿಂದ ಎಷ್ಟು ಬೆರಳು ಕೆಳಗೆ, ಬಲದ ಅಂಚಿನಿಂದ ಎಷ್ಟು ಒಳಗೆ. ಜನ ಮಾತಾಡಿದ ಕಡೆಗೆ ಮುಖ ತಿರುಗಿಸಬೇಕು, ಕಣ್ಣು ಮೇಲಕ್ಕೆ ಹೋಗಬಾರದು. ತಪ್ಪಿದರೆ ಈ ಸಲ ನಾನು ಬೈಯಲಿಲ್ಲ. ಬೈದವಳು ಅವಳು. "ಸರ್ಯಾಗಿ ಏಳ್ಕೊಡೇ, ಟೀಚರಮ್ಮ!"

ಅಧಿಕಾರಿಗಳು ಮೂವರು ಬಂದರು, ಜೊತೆಗೆ ವಿಡಿಯೋ ತೆಗೆಯುವವನು. ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಮಾದೇವ ಶರಟಿನ ತೋಳು ಮಡಿಸಿಕೊಂಡು ಮುಂದೆ ಬಂದ. ಅವ್ವ ಅಧಿಕಾರಿಯ ದನಿ ಬಂದ ಕಡೆಗೆ ನೇರವಾಗಿ ಮುಖ ತಿರುಗಿಸಿದಳು.

"ನಂಗೆ ಕಣ್ಣು ಕಾಣ್ತದೆ ಸ್ವಾಮಿ. ನನ್ ಓಟು ನಾನೇ ಆಕ್ತೀನಿ."

ಮಾದೇವ ಬಾಯಿ ಬಿಟ್ಟ. ಅಧಿಕಾರಿ ಅವನ ಮುಖ ನೋಡಿದರು, ಅವ್ವನ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಹೌದಾ ಮೇಡಂ? ಅಜ್ಜಿಗೆ ಕಣ್ಣು ಕಾಣುತ್ತಾ?"

"ಕಾಣುತ್ತೆ ಸಾರ್" ಅಂದೆ. "ನಮ್ಮವ್ವನಿಗೆ ಚೆನ್ನಾಗಿ ಕಾಣುತ್ತೆ."

ಅವ್ವ ಪೆನ್ನು ತೆಗೆದುಕೊಂಡು, ಮರೆಯ ಹಿಂದೆ ಬೆರಳಲ್ಲಿ ಅಳೆದು, ಗುರುತು ಹಾಕಿ, ಕಾಗದ ಮಡಿಸಿ ಲಕೋಟೆಗೆ ತುರುಕಿದಳು. ಅವರು ಅಂಟಿಸಿ ಪೆಟ್ಟಿಗೆಗೆ ಹಾಕಿದರು. ಜೀಪಿನ ಸದ್ದು ದೂರವಾದದ್ದೇ ಮಾದೇವ ರೇಗಿದ.

"ಎಲ್ಲಿಗ್ ಬಿತ್ತೋ ಏನೋ! ಒಂದು ಓಟು ಹಾಳ್ ಮಾಡಿದ್ರಲ್ಲ ಇಬ್ರೂ ಸೇರ್ಕೊಂಡು!"

"ಎಲ್ಲಾದ್ರೂ ಬೀಳ್ಲಿ ಕಣ್ಲಾ" ಎಂದಳು ಅವ್ವ. "ಬಿದ್ದದ್ದು ನಂದು."

ಅವನು ಕಾಲು ಅಪ್ಪಳಿಸಿಕೊಂಡು ಹೊರಗೆ ಹೋದ. ಅವ್ವ ಕುರ್ಚಿಯಿಂದ ಎದ್ದು ನಿಂತು, ಗೋಡೆಯ ಕಡೆ ಹೋಗಲಿಲ್ಲ, ಎಡಗೈಯನ್ನು ನಾನಿದ್ದ ಕಡೆಗೆ ಚಾಚಿದಳು.

"ಕೈ ಇಡ್ಕೊಳೇ ರತ್ನಿ. ಕಾಣಕಿಲ್ಲ ನಂಗೆ. ಒಳಕ್ ಓಗನ."